ಒಂದು ಹೆಸರು ಹೇಳಿ

ನಮ್ಮ ಕನ್ನಡ ಸಂಘದಲ್ಲಿ ಈಚೆಗೆ ಒಂದು ಕಥೆಯನ್ನು ಬಹಳ ಹೆಮ್ಮೆಯಿಂದ ಹೇಳುತ್ತಾರೆ. ಎರಡು ಸಾವಿರದ ಇಸವಿಯ ಯುಗಾದಿ ಕಾರ್ಯಕ್ರಮದಲ್ಲಿ, ಚರ್ಚಾಸ್ಪರ್ಧೆಯ ವೇದಿಕೆಯ ಮೇಲೆ, ಕಿರಣ ಎಂಬ ಹದಿನೇಳು ವರ್ಷದ ಹುಡುಗ ಯಾರ ಒತ್ತಾಯವೂ ಇಲ್ಲದೆ ತಾನು ಗೇ ಎಂದು ಧೈರ್ಯವಾಗಿ ಹೇಳಿದನಂತೆ. ಸಭೆಯಲ್ಲಿ ಒಬ್ಬರೂ ಕೆಟ್ಟ ಮಾತು ಆಡಲಿಲ್ಲವಂತೆ. ಚಪ್ಪಾಳೆ ಹೊಡೆದರಂತೆ.

ಈ ಕಥೆಗೆ ನನ್ನ ಆಕ್ಷೇಪಣೆ ಇದೆ. ಕಿರಣ ಹೇಳಿದ್ದು ನಿಜ, ಧೈರ್ಯವಾಗಿ ಹೇಳಿದ್ದೂ ನಿಜ. ಚಪ್ಪಾಳೆಯೂ ನಿಜವೇ. ಆದರೆ ಅದು ಅವನಿಗೆ ಬಿದ್ದದ್ದಲ್ಲ, ನನಗೆ ಬಿದ್ದದ್ದು. ಇನ್ನು ‘ಯಾರ ಒತ್ತಾಯವೂ ಇಲ್ಲದೆ’ ಎಂಬ ಮೂರು ಪದಗಳ ಬಗ್ಗೆ ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೇನೆ. ವಾದ ಮಾಡುವುದೇ ಕಸುಬಾಗಿರುವವಳಿಗೆ ಒಂಬತ್ತು ವರ್ಷ ಸಣ್ಣದಲ್ಲ.

ಹೋದ ತಿಂಗಳು ಅಮ್ಮನ ಜೊತೆ ಅದೇ ಹಾಲ್‌ಗೆ ಹೋಗಿದ್ದೆ. ಇಂಗ್ಲೆಂಡಿನ ಹ್ಯಾರೋದ ಒಂದು ಶಾಲೆಯ ಸಭಾಂಗಣ ಅದು. ಭಾನುವಾರಗಳಂದು ಸಂಘ ಬಾಡಿಗೆಗೆ ಹಿಡಿಯುತ್ತದೆ. ಬಾಗಿಲು ತಳ್ಳಿದ ಕೂಡಲೇ ನೆಲದ ಪಾಲಿಶ್, ರೇಡಿಯೇಟರ್ ಮೇಲೆ ಒಣಹಾಕಿದ ಒದ್ದೆ ಕೋಟುಗಳು, ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿಟ್ಟ ಬಿಸಿಬೇಳೆಭಾತ್ ಎಲ್ಲ ಸೇರಿದ ಒಂದು ವಾಸನೆ ಮುಖಕ್ಕೆ ಹೊಡೆಯಿತು. ಕೋಟು ಕಳಚುತ್ತಿರುವಾಗಲೇ ಪಕ್ಕದಲ್ಲಿ ಸಂಘದ ಅಧ್ಯಕ್ಷರಾದ ಗುರುರಾಜ್ ಅಂಕಲ್ ಬೆಂಗಳೂರಿನಿಂದ ಹೊಸದಾಗಿ ಬಂದ ಜೋಡಿಯೊಂದಕ್ಕೆ ಆ ಕಥೆ ಹೇಳುತ್ತಿದ್ದರು.

“ಇದೇ ಸ್ಟೇಜು ಕಣಮ್ಮ. ಆಗಿನ ಕಾಲಕ್ಕೇ ನಾವು ಅಷ್ಟು ಮುಂದುವರಿದಿದ್ವಿ.”

“ಸೂಪರ್ ಅಂಕಲ್! ಅವರ ಮನೇಲಿ ಏನೂ ಅನ್ಲಿಲ್ವಾ?”

“ಛೆ, ಛೆ. ಹುಡುಗನೇ ಸ್ವತಂತ್ರವಾಗಿರ್ತೀನಿ ಅಂತ ಹೊರಟ. ಇಗೋ, ಈ ವೀಣಾನೂ ಅವತ್ತು ಮಾತಾಡಿದ್ಲು. ಫಸ್ಟ್ ಪ್ರೈಜು!”

ಆ ಹುಡುಗಿ ನನ್ನತ್ತ ತಿರುಗಿ ಮೆಚ್ಚುಗೆಯಿಂದ ನಕ್ಕಳು. ನಾನೂ ನಕ್ಕೆ.

ಕಿರಣನ ಕಥೆಯನ್ನು ಹೇಳುವ ಹಕ್ಕು ನನಗಿಲ್ಲ. ಅವನೇ ಅದನ್ನು ಎಲ್ಲರೆದುರು ಹೇಳಿ ಮುಗಿಸಿದ್ದಾನೆ. ನಾನು ಹೇಳಬೇಕಾಗಿರುವುದು ಆ ಭಾನುವಾರದ ಹಿಂದಿನ ನಾಲ್ಕು ದಿನಗಳನ್ನು. ಅವು ನನ್ನವು.

ನಾವು ಬಿಜಾಪುರದವರು. ಅಪ್ಪನಿಗೆ ಇಲ್ಲಿ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಡಾಕ್ಟರ ಕೆಲಸ ಸಿಕ್ಕಿತೆಂದು ನಾನು ಹತ್ತು ವರ್ಷದವಳಿದ್ದಾಗ ಹ್ಯಾರೋಗೆ ಬಂದೆವು. ನಾಲ್ಕು ಮನೆ ಆಚೆ ಬೆಳಗಾವಿ ಕಡೆಯ ಪಾಟೀಲರಿದ್ದರು: ಮಲ್ಲಿಕಾರ್ಜುನ ಅಂಕಲ್, ಶಾಂತಾ ಆಂಟಿ, ಅವರ ಒಬ್ಬನೇ ಮಗ ಕಿರಣ. ಒಂದೇ ಶಾಲೆ, ಒಂದೇ ಬಸ್ಸು, ಒಂದೇ ವಯಸ್ಸು. ಹದಿನೈದಕ್ಕೆ ನಾವಿಬ್ಬರೂ ಶಾಲೆಯ ಡಿಬೇಟ್ ಜೋಡಿಯಾದೆವು. ಅವನು ಮೊದಲು ಎದ್ದು ವಿಷಯ ಕಟ್ಟುತ್ತಿದ್ದ, ನಾನು ಕೊನೆಗೆ ಎದ್ದು ಎದುರಾಳಿಗಳನ್ನು ಕೆಡವುತ್ತಿದ್ದೆ. ಅವನು ಎಲ್ಲಾದರೂ ಸಿಕ್ಕಿಬಿದ್ದರೆ ನನ್ನತ್ತ ನೋಡುತ್ತಿದ್ದ; ನಾನು ಮೇಜಿನ ಮೇಲೆ ಒಂದು ಚೀಟಿ ಸರಿಸುತ್ತಿದ್ದೆ. ಆದರೂ ತೀರ್ಪುಗಾರರು ಹೊಗಳುತ್ತಿದ್ದುದು ಅವನನ್ನೇ. ಅವನ ಇಂಗ್ಲಿಷ್ ನೀರು ಹರಿದ ಹಾಗೆ. ನನ್ನದು ಇನ್ನೂ ಅಲ್ಲಲ್ಲಿ ಕಲ್ಲು ತಾಗುತ್ತಿತ್ತು. ಸಂಘದ ಕನ್ನಡ ವೇದಿಕೆ ಮಾತ್ರ ನನ್ನದು. ಅಲ್ಲಿ ಅವನೇ ತೊದಲುತ್ತಿದ್ದ. ಇದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಮ್ಮನ್ನು ತಯಾರು ಮಾಡಿದವರು ಇಂಗ್ಲಿಷ್ ಟೀಚರ್ ಮಿಸೆಸ್ ಹೋಲ್ಟ್. ಅವರ ಪಾಠ ಎರಡೇ. ಒಂದು, ನಾಣ್ಯ ಚಿಮ್ಮಿ ಯಾವ ಪಕ್ಷ ಬಂತೋ ಏಳು ನಿಮಿಷ ಅದೇ ನಿಮ್ಮ ನಂಬಿಕೆ. ಸೋಮವಾರ ಮರಣದಂಡನೆ ಬೇಕು ಎಂದೆವು, ಗುರುವಾರ ಬೇಡ ಎಂದೆವು, ಎರಡೂ ಸಲ ಗೆದ್ದೆವು. ಎರಡನೆಯದು, ಎದುರಾಳಿ ನೋವು, ಅನ್ಯಾಯ ಎಂದು ಸಾಮಾನ್ಯವಾಗಿ ಮಾತಾಡಿದರೆ ಉದಾಹರಣೆ ಕೇಳಿ. ಉದಾಹರಣೆ ಕೊಟ್ಟರೆ ಹೆಸರು ಕೇಳಿ. ನೂರಕ್ಕೆ ತೊಂಬತ್ತು ಮಂದಿ ಅಲ್ಲಿ ಬೀಳುತ್ತಾರೆ.

ಆ ವಸಂತದಲ್ಲಿ ಇಡೀ ದೇಶವೇ ಒಂದು ಕಾನೂನಿನ ಬಗ್ಗೆ ಜಗಳವಾಡುತ್ತಿತ್ತು. ಸೆಕ್ಷನ್ ಇಪ್ಪತ್ತೆಂಟು ಎಂದು ಅದರ ಹೆಸರು. ಎಂಬತ್ತರ ದಶಕದ ಕೊನೆಯಲ್ಲಿ, ಆಗ ಅಧಿಕಾರದಲ್ಲಿದ್ದ ಸಂಪ್ರದಾಯವಾದಿ ಸರ್ಕಾರ ತಂದದ್ದು. ಶಾಲೆಗಳನ್ನು ನಡೆಸುವ ಸ್ಥಳೀಯ ಕೌನ್ಸಿಲ್‌ಗಳು ಸಲಿಂಗಕಾಮವನ್ನು ಪ್ರೋತ್ಸಾಹಿಸಕೂಡದು, ಅಂಥ ಸಂಬಂಧವನ್ನು ಒಂದು ಕುಟುಂಬವೆಂಬಂತೆ ಕಲಿಸುವುದಕ್ಕೆ ಉತ್ತೇಜನ ಕೊಡಕೂಡದು ಎಂಬುದು ಅದರ ಸಾರ. ನಾಲ್ಕು ಸಾಲಿನ ಕಾನೂನು. ಆದರೆ ಆ ನಾಲ್ಕು ಸಾಲಿನ ನೆರಳು ಸ್ಟಾಫ್‌ರೂಮಿನವರೆಗೆ ಬಿದ್ದಿತ್ತು. ನಮ್ಮ ಶಾಲೆಯ ನರ್ಸ್ ಹುಡುಗಿಯರನ್ನು ಕೂರಿಸಿಕೊಂಡು ಗರ್ಭನಿರೋಧಕ ಮಾತ್ರೆಯ ಬಗ್ಗೆಯೂ ಗರ್ಭಪಾತದ ಬಗ್ಗೆಯೂ ಎಚ್ಚರಿಕೆಯ ದನಿಯಲ್ಲಿ ಹೇಳುತ್ತಿದ್ದಳು, ಅದಕ್ಕೂ ಮನೆಗೆ ಮೊದಲೇ ಒಂದು ಪತ್ರ ಹೋಗುತ್ತಿತ್ತು. ‘ಆ’ ವಿಷಯಕ್ಕೆ ಬಂದರೆ ಮಾತ್ರ ಪುಟ ತಿರುಗಿಸಿಬಿಡುತ್ತಿದ್ದಳು. ಹೊಸ ಸರ್ಕಾರ ಕಾನೂನನ್ನು ತೆಗೆಯಲು ಹೊರಟರೆ ಫೆಬ್ರವರಿಯಲ್ಲಿ ಮೇಲ್ಮನೆ ಆಗದು ಎಂದಿತು. ಮತ್ತೊಮ್ಮೆ ಪ್ರಯತ್ನ ನಡೆಯುತ್ತದೆ ಎಂಬ ಸುದ್ದಿಯಿತ್ತು.

ಹಾಗಾಗಿ ಊರಿನ ಧಾರ್ಮಿಕ ಸಂಸ್ಥೆಗಳು ಕೆಲವು ಸೇರಿ, ಕಾನೂನು ಉಳಿಯಲಿ ಎಂದು ಮೇಲ್ಮನೆಗೆ ಒಂದು ಪತ್ರ ಸಿದ್ಧಪಡಿಸುತ್ತಿದ್ದವು. ನಮ್ಮ ಸಂಘಕ್ಕೂ ಸಹಿ ಮಾಡಿ ಎಂಬ ಕರೆ ಬಂತು. ಸಮಿತಿಯಲ್ಲಿ ಅರ್ಧ ಜನ ಮಾಡೋಣ ಎಂದರು, ಅರ್ಧ ಜನ ನಮಗ್ಯಾಕೆ ಈ ಉಸಾಬರಿ ಎಂದರು. ಗುರುರಾಜ್ ಅಂಕಲ್‌ಗೆ ಒಂದು ಉಪಾಯ ಹೊಳೆಯಿತು. ಯುಗಾದಿಗೆ ಹೇಗೂ ಚರ್ಚಾಸ್ಪರ್ಧೆ ಇದೆ. ಇದನ್ನೇ ವಿಷಯ ಮಾಡಿ, ಯುವಕರಿಂದ ಮಾತಾಡಿಸಿ, ಕೊನೆಗೆ ಸಭಿಕರ ಕೈ ಎತ್ತಿಸಿದರೆ ಆಯಿತು. “ಡೆಮಾಕ್ರಸಿ!” ಎಂದು ಅವರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು.

ಅವರ ಮನೆಯ ಹಜಾರದಲ್ಲೇ ನಾಣ್ಯ ಚಿಮ್ಮಿದ್ದು. ಕಾನೂನು ಹೋಗಲಿ ಎಂಬ ಪಕ್ಷ ಕಿರಣನಿಗೆ ಬಂತು. ಇರಲಿ ಎಂಬುದು ನನಗೆ. ಕಿರಣ ಒಂದು ಕ್ಷಣ ನಾಣ್ಯವನ್ನೇ ನೋಡುತ್ತಿದ್ದ. “ಛಲೋ ಆತು ಬಿಡು” ಎಂದ. ಅವನ ದನಿಯಲ್ಲಿ ಏನೋ ಇತ್ತು. ನಾನು ಅದನ್ನು ಸ್ಪರ್ಧೆಯ ಹುರುಪು ಎಂದುಕೊಂಡೆ.

ಬುಧವಾರ ಶಾಲೆಯಿಂದ ಬರುವಾಗ ಎರಡಂತಸ್ತಿನ ಬಸ್ಸಿನ ಮಹಡಿಯ ಮೇಲೆ, ಮುಂದಿನ ಸೀಟಿನಲ್ಲಿ ಕೂತಿದ್ದೆವು. ಏಪ್ರಿಲ್ ತಿಂಗಳ ಆ ಬಿಸಿಲು, ಗಾಜಿನೊಳಗೆ ಬೆಚ್ಚಗೆ, ಹೊರಗೆ ಕಾಲಿಟ್ಟರೆ ಚಳಿ. ನಾನು ಯಾವುದೋ ವಾದದ ಬಗ್ಗೆ ವಟವಟ ಅನ್ನುತ್ತಿದ್ದೆ.

“ವೀಣಾ, ಒಂದ ಮಾತ ಹೇಳ್ತೀನಿ, ನಡುವ ಬಾಯಿ ಹಾಕಬ್ಯಾಡ,” ಎಂದ.

“ಹಾಕೂದಿಲ್ಲ. ಹೇಳು.”

“ನನ್ನ ಲಾಕರ್ ಮ್ಯಾಲೆ ಬರದಿದ್ದು ನೋಡಿದೀ ಅಲ್ಲ?”

ನೋಡಿದ್ದೆ. ಎಲ್ಲರೂ ನೋಡಿದ್ದರು. ಯಾರ ಲಾಕರ್ ಮೇಲಾದರೂ ಬರೆಯುವ ಕೊಳಕು ಮಾತು ಎಂದು ಎಲ್ಲರಂತೆ ನಾನೂ ದಾಟಿ ಹೋಗಿದ್ದೆ.

“ಅದು ಖರೇ ಅದ,” ಎಂದ.

ನನಗೆ ತಿಳಿಯಲು ಒಂದು ಬಸ್ ಸ್ಟಾಪ್ ಬೇಕಾಯಿತು. ಅವನು ಮುಂದುವರಿಸಿದ. ಸೋಮವಾರ ಮಿಸೆಸ್ ಹೋಲ್ಟ್ ಹತ್ತಿರ ಹೋಗಿದ್ದನಂತೆ. ಬರೆಯುವವರು ಯಾರೆಂದು ದೂರಲು ಅಲ್ಲ. ಮನೆಯಲ್ಲಿ ಹೇಳಬೇಕೋ ಬೇಡವೋ, ಹೇಳುವುದಾದರೆ ಹೇಗೆ ಎಂದು ಯಾರಾದರೂ ದೊಡ್ಡವರನ್ನು ಕೇಳಬೇಕಿತ್ತು. ಅವರು ಎದ್ದು ಹೋಗಿ ಕೋಣೆಯ ಬಾಗಿಲನ್ನು ಪೂರ್ತಿ ತೆರೆದಿಟ್ಟು ಬಂದು ಕೂತರಂತೆ. ಇದರ ಬಗ್ಗೆ ಮಾತಾಡಲು ನನಗೆ ಅನುಮತಿಯಿಲ್ಲ, ಕಾನೂನಿದೆ, ಕ್ಷಮಿಸು ಎಂದರಂತೆ.

“ಆಕಿ ಅಳೂ ಹಂಗ ಆಗಿದ್ಲು, ವೀಣಾ. ನಾನs ಆಕೀಗೆ ಇಟ್ಸ್ ಓಕೆ ಅಂತ ಹೇಳಿ ಬಂದೆ.”

ಒಬ್ಬ ಗೆಳೆಯ ಹದಿನೇಳು ವರ್ಷದಲ್ಲಿ ಮೊದಲ ಸಲ ತನ್ನ ಗೆಳತಿಗೆ ಬಾಯಿಬಿಟ್ಟು ಹೇಳಿದ ಮಾತಿಗೆ ನಾನು ಕೊಟ್ಟ ಉತ್ತರ ಏನೆಂದು ಇಲ್ಲಿ ಬರೆಯಲೇಬೇಕು.

“ಆದ್ರ ಕಾನೂನಿನ್ಯಾಗ ಹಂಗಿಲ್ಲ,” ಎಂದೆ. “ನಾ ಪೂರ್ತಿ ಓದೇನಿ. ಅದು ಕೌನ್ಸಿಲ್‌ಗೆ ಅನ್ವಯಿಸೂದು, ಟೀಚರ್‌ಗೆ ಅಲ್ಲ. ಆಕಿ ಮಾತಾಡಬಹುದಿತ್ತು. ಆಕಿದs ತಪ್ಪು.”

ಅವನು ಕಿಟಕಿಯ ಕಡೆ ತಿರುಗಿಕೊಂಡ. “ಹೌದೇನು,” ಎಂದ. ಇಳಿಯಲು ಚೀಲ ಎತ್ತಿಕೊಳ್ಳುತ್ತಾ, “ಯಾರಿಗೂ ಹೇಳಬ್ಯಾಡ ಮತ್ತ.”

“ಹುಚ್ಚನs? ಹೇಳ್ತೀನೇನು?”

ಹೇಳಲಿಲ್ಲ. ಈ ಅಂಶವನ್ನು ನನ್ನ ಪರವಾಗಿ ಬಹಳ ಸಲ ಮಂಡಿಸಿದ್ದೇನೆ, ನನ್ನದೇ ತಲೆಯೊಳಗಿನ ಕೋರ್ಟಿನಲ್ಲಿ. ನಾನು ಯಾರಿಗೂ ಹೇಳಲಿಲ್ಲ.

ಶನಿವಾರ ಶಾಂತಾ ಆಂಟಿಯ ಅಡುಗೆಮನೆಯಲ್ಲಿ ಕಿರಣನ ಭಾಷಣವನ್ನು ಕನ್ನಡಕ್ಕೆ ಮಾಡಿಕೊಟ್ಟೆ. ಎದುರು ಪಕ್ಷದವಳು ಎದುರಾಳಿಯ ಭಾಷಣ ಬರೆದುಕೊಡುವುದೇ ಎಂದು ಬೇರೆ ಊರಿನವರಿಗೆ ಅನ್ನಿಸಬಹುದು. ನಮ್ಮ ಸಂಘದಲ್ಲಿ ಅದು ರೂಢಿ. ಇಲ್ಲೇ ಬೆಳೆದ ಮಕ್ಕಳು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಾರೆ. ಕನ್ನಡ ಬರುವ ಯಾರೋ ಒಬ್ಬರು ಅದನ್ನು ಕನ್ನಡ ಮಾಡಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡುತ್ತಾರೆ. ಮಕ್ಕಳು ಅದನ್ನು ಉರುಹೊಡೆದು ಒಪ್ಪಿಸುತ್ತಾರೆ. ನಮ್ಮ ಪೀಳಿಗೆಯಲ್ಲಿ ಆ ‘ಯಾರೋ ಒಬ್ಬರು’ ಯಾವಾಗಲೂ ನಾನೇ.

ಆಂಟಿ ರೊಟ್ಟಿ ಬಡಿಯುತ್ತಿದ್ದರು. “ನಮ್ಮ ಹುಡುಗನ್ನ ಬಾಳ ಸೋಲಸಬ್ಯಾಡ ಮತ್ತ, ವೀಣಾ. ಮಂದಿ ಮುಂದ ಮಾರಿ ಸಣ್ಣದ ಮಾಡ್ಕೋತಾನ.”

“ನೀವs ಅವನ ಬಾಯಿಗಿ ತುಪ್ಪ ಹಾಕಿ ಬೆಳಸೀರಿ ಆಂಟಿ, ಅವ ಎಲ್ಲಿ ಸೋಲ್ತಾನ?”

“ಇಬ್ಬರ ಬಾಯೀನೂ ಬಾಳ ಆಗ್ಯಾವ,” ಎಂದು ನಕ್ಕು, ಒಂದೊಂದು ಬಿಸಿರೊಟ್ಟಿಯ ಮೇಲೆ ಬೆಣ್ಣೆ ಹಾಕಿ ಕೊಟ್ಟರು. ಮಗ ನಾಳೆ ಯಾವ ವಿಷಯದ ಮೇಲೆ ಮಾತಾಡುತ್ತಾನೆಂದು ಅವರಿಗೆ ಗೊತ್ತಿತ್ತು. ಅದನ್ನು ಅವರು ಪರೀಕ್ಷೆಯ ಪ್ರಶ್ನೆಯಂತೆ ಮಾತ್ರ ನೋಡುತ್ತಿದ್ದರು. ನಾವೆಲ್ಲರೂ ಹಾಗೇ ನೋಡುತ್ತಿದ್ದೆವು.

ಕಿರಣ ಬರೆದುಕೊಂಡ ಮೂರನೆಯ ಪುಟದಲ್ಲಿ ಒಂದು ಸಾಲಿತ್ತು: ‘ನನಗೆ ಗೊತ್ತಿರುವ ಒಬ್ಬ ವಿದ್ಯಾರ್ಥಿ ಸಹಾಯ ಕೇಳಿಕೊಂಡು ಟೀಚರ್ ಬಳಿ ಹೋದ, ಕಾನೂನಿಗೆ ಹೆದರಿ ಅವರು ಅವನನ್ನು ವಾಪಸು ಕಳಿಸಿದರು.’ ನಾನು ಪೆನ್ನಿನ ತುದಿಯಿಂದ ಅದನ್ನು ತೋರಿಸಿದೆ. ಆಂಟಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದೆ:

“ಇದನ್ನ ತಗದಬಿಡು.”

“ಯಾಕ?”

“ಹೆಸರಿಲ್ಲದ ಉದಾಹರಣೆ ಉದಾಹರಣೆನs ಅಲ್ಲ. ಯಾರವ ಅಂತ ಕೇಳಿದ್ರ ಏನ ಹೇಳ್ತಿ? ವೀಕ್ ಆಗ್ತದ.”

ಅವನು ನನ್ನ ಮುಖ ನೋಡಿದ. ಗೆಳತಿಯ ಕಾಳಜಿ ಎಂದುಕೊಂಡಿರಬೇಕು. ಕಾಳಜಿಯೂ ಇತ್ತು, ಇಲ್ಲವೆನ್ನಲಾರೆ. ಅವನೇ ಪೆನ್ನು ತೆಗೆದುಕೊಂಡು ಆ ಸಾಲನ್ನು ಹೊಡೆದುಹಾಕಿದ.

ಭಾನುವಾರ ಹಾಲ್ ತುಂಬಿತ್ತು. ಮಕ್ಕಳ ನೃತ್ಯ, ಬೇವುಬೆಲ್ಲ, ಮೈಕಿನ ಕಿರುಚಾಟ ಎಲ್ಲ ಮುಗಿದು ನಮ್ಮ ಸರದಿ ಬಂತು. ಒಬ್ಬೊಬ್ಬರಿಗೆ ಐದು ನಿಮಿಷ; ಆಮೇಲೆ ಎದುರಾಳಿಗೆ ಒಂದೇ ಒಂದು ಸವಾಲು ಹಾಕಬಹುದು; ಉತ್ತರ ಬಂದ ಮೇಲೆ ಸವಾಲು ಹಾಕಿದವರಿಗೆ ಕೊನೆಯ ಒಂದು ಮಾತು. ಗುರುರಾಜ್ ಅಂಕಲ್ ಪೂಜೆಯ ಗಂಟೆ ಹಿಡಿದು ಸಮಯ ನೋಡುತ್ತಿದ್ದರು.

ಕಿರಣ ನಾನು ಬರೆದುಕೊಟ್ಟ ಕನ್ನಡವನ್ನು ಎಲ್ಲೂ ತಪ್ಪದೆ ಒಪ್ಪಿಸಿದ. ಭಯ ಶಾಲೆಗೆ ಸೇರಿದ್ದಲ್ಲ, ಮೌನವೂ ಒಂದು ಪಾಠವೇ ಎಂಬಂಥ ವಾಕ್ಯಗಳು. ಚೆನ್ನಾಗಿದ್ದವು, ನನ್ನವೇ ತಾನೆ. ನಾನು ಎದ್ದು ಕಾನೂನಿನ ನಾಲ್ಕು ಸಾಲನ್ನು ಓದಿದೆ. ಇಷ್ಟು ವರ್ಷಗಳಲ್ಲಿ ಇದರಡಿ ಯಾರ ಮೇಲೂ ಒಂದು ಮೊಕದ್ದಮೆಯೂ ನಡೆದಿಲ್ಲ ಎಂದೆ. ಯಾರನ್ನೂ ಮುಟ್ಟದ ಕಾನೂನಿನಿಂದ ಯಾರಿಗೆ ಗಾಯ ಎಂದು ಕೇಳಿದೆ. ಮುಂದಿನ ಸಾಲಿನ ಹಿರಿಯರು ತಲೆದೂಗಿದರು. ಸವಾಲಿನ ಸರದಿ ಬಂದಾಗ ನಾನು ಕಿರಣನ ಕಡೆ ತಿರುಗಿ, ನನ್ನ ಅತ್ಯಂತ ಸ್ಪಷ್ಟವಾದ ವೇದಿಕೆಯ ಕನ್ನಡದಲ್ಲಿ ಕೇಳಿದೆ:

“ನನ್ನ ಮಿತ್ರರು ನೋವು, ನೋವು ಎಂದರು. ಒಂದು ಹೆಸರು ಹೇಳಿ. ಈ ಕಾನೂನಿನಿಂದ ನೊಂದ ಒಬ್ಬನೇ ಒಬ್ಬ ವಿದ್ಯಾರ್ಥಿಯ ಹೆಸರು ಹೇಳಿ.”

ಸಭೆಯಲ್ಲಿ ಒಂದು ‘ಓಹ್’ ಎದ್ದಿತು. ಕಿರಣ ನನ್ನತ್ತ ನೋಡಿದ. ಸಿಟ್ಟಿನಿಂದಲ್ಲ. ಶಾಲೆಯ ಸ್ಪರ್ಧೆಗಳಲ್ಲಿ ಸಿಕ್ಕಿಬಿದ್ದಾಗ ಚೀಟಿಗಾಗಿ ನೋಡುತ್ತಿದ್ದನಲ್ಲ, ಹಾಗೆ. ನನ್ನ ಕೈಗಳು ಮೇಜಿನ ಮೇಲೇ ಇದ್ದವು. ಸರಿಸಲು ಏನೂ ಇರಲಿಲ್ಲ.

ಅವನು ಮೈಕನ್ನು ಹತ್ತಿರ ಎಳೆದುಕೊಂಡ.

“ಕಿರಣ ಮಲ್ಲಿಕಾರ್ಜುನ ಪಾಟೀಲ,” ಎಂದ.

ನಮ್ಮ ಕಡೆ ಅರ್ಜಿಗಳಲ್ಲಿ ಬರೆಯುವ ಹಾಗೆ, ತನ್ನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. “ಅದು ನಿನ್ನ ಹೆಸರಲ್ಲೋ ತಮ್ಮಾ!”

“ಹೌದ್ರಿ. ನಂದs ಹೆಸರು.” ನಾನು ಬರೆದುಕೊಟ್ಟ ಕನ್ನಡ ಮುಗಿದಿತ್ತು, ಈಗ ಬರುತ್ತಿದ್ದುದು ಅವರ ಮನೆಯ ಕನ್ನಡ. “ನಾನು ಗೇ ಇದ್ದೀನಿ. ಸಾಲ್ಯಾಗ ಟೀಚರ್‌ನ ಕೇಳಾಕ ಹೋಗಿದ್ದೆ, ಮನ್ಯಾಗ ಹೆಂಗ ಹೇಳೂದಂತ. ಮಾತಾಡಾಕ ಕಾನೂನು ಬಿಡೂದಿಲ್ಲಂದ್ರು. ಅದಕ್ಕ ಮನ್ಯಾಗ ಹೇಳಿಲ್ಲ.” ಅಪ್ಪ, ಅವ್ವ ಕೂತಿದ್ದ ಸಾಲಿನ ಕಡೆ ನೋಡಿ, “ಈಗ ಹೇಳಿದಂಗಾತು,” ಎಂದ.

ಗುರುರಾಜ್ ಅಂಕಲ್ ಗಂಟೆ ಬಾರಿಸಿದರು. ಸಮಯ ಇನ್ನೂ ಇತ್ತು.

ಆ ಗಂಟೆಯ ಸದ್ದು ನಿಂತ ಮೇಲೆ ಕೊನೆಯ ಒಂದು ಮಾತಿನ ಹಕ್ಕು ನನ್ನದಾಗಿತ್ತು. ನಾನು ಸುಮ್ಮನಿರಬಹುದಿತ್ತು. ಮೈಕ್ ಕೆಳಗಿಟ್ಟು ಅವನ ಪಕ್ಕ ಹೋಗಿ ನಿಲ್ಲಬಹುದಿತ್ತು. ಎರಡು ವರ್ಷ ತಿದ್ದಿ ತೀಡಿದ ನಾಲಿಗೆ ನನಗಿಂತ ಮೊದಲೇ ಎದ್ದು ನಿಂತಿತು.

“ಒಬ್ಬ ವ್ಯಕ್ತಿಯ ಅನುಭವದಿಂದ ಸಾರ್ವತ್ರಿಕ ನಿಯಮವನ್ನು ಸಾಧಿಸಲಾಗದು,” ಎಂದೆ. “ಅದು ಆ ಟೀಚರ್ ಮಾಡಿದ ತಪ್ಪೇ ಹೊರತು ಕಾನೂನಿನ ತಪ್ಪಲ್ಲ. ಧನ್ಯವಾದಗಳು.”

ಚಪ್ಪಾಳೆ ಬಿದ್ದದ್ದು ಆಗ. ನೂರಿಪ್ಪತ್ತು ಜನಕ್ಕೆ ಏನು ಮಾಡಬೇಕೆಂದು ತೋಚದಿದ್ದಾಗ ನಾನೊಂದು ಪರಿಚಿತ ವಾಕ್ಯ ಕೊಟ್ಟೆ, ಅವರು ಅದನ್ನು ಹಿಡಿದುಕೊಂಡರು. ಆಮೇಲೆ ಕೈ ಎತ್ತಿಸಿದರು. ಪತ್ರಕ್ಕೆ ಸಹಿ ಮಾಡೋಣ ಎಂಬವರೇ ಹೆಚ್ಚಾದರು. ಶಾಂತಾ ಆಂಟಿ ಯಾವ ಕಡೆಗೂ ಕೈ ಎತ್ತಲಿಲ್ಲ. ಎರಡೂ ಕೈಯಲ್ಲಿ ತೊಡೆಯ ಮೇಲಿನ ಕೈಚೀಲ ಹಿಡಿದು ಕೂತಿದ್ದರು.

ಮನೆಗೆ ಹೋಗಬೇಕಾದದ್ದು ಮಲ್ಲಿಕಾರ್ಜುನ ಅಂಕಲ್‌ರ ಕಾರಿನಲ್ಲೇ. ಅಪ್ಪನಿಗೆ ಡ್ಯೂಟಿ ಇತ್ತು, ಅಮ್ಮ ಪಾತ್ರೆ ತೊಳೆಯಲು ನಿಂತಿದ್ದಳು. ನನ್ನನ್ನು ಬಿಡುವುದಾಗಿ ಅಂಕಲ್ ಬೆಳಿಗ್ಗೆಯೇ ಹೇಳಿದ್ದರು. ಹೇಳಿದ ಮಾತಿಗೆ ತಪ್ಪುವವರಲ್ಲ ಅವರು. ಆಂಟಿ ಮುಂದೆ ಕೂತರು. ಹಿಂದೆ ನಾನು, ಕಿರಣ, ನಡುವೆ ನನಗೆ ಬಂದ ಬಹುಮಾನದ ಡಬ್ಬಿ. ಸಂಜೆಯ ಬಿಸಿಲು ಇನ್ನೂ ಹಳದಿಯಾಗಿ ರಸ್ತೆಯ ಮೇಲಿತ್ತು. ಜನ ತಮ್ಮ ಮನೆಮುಂದೆ ಕಾರು ತೊಳೆಯುತ್ತಿದ್ದರು. “ಬೆಲ್ಟ್ ಹಾಕ್ಕೋರಿ ಇಬ್ಬರೂ,” ಎಂದರು ಅಂಕಲ್. ದಾರಿಯುದ್ದಕ್ಕೂ ಅದೊಂದೇ ಮಾತು. ನಮ್ಮ ಮನೆ ಬಂತು. ನಾನು ಇಳಿದೆ. ಅವರು ಕಿಟಕಿಯ ಗಾಜು ಇಳಿಸಿದರು.

“ಛಲೋ ಮಾತಾಡಿದಿ, ವೀಣಾ,” ಎಂದರು.

“ಥ್ಯಾಂಕ್ಸ್ ಅಂಕಲ್,” ಎಂದೆ ನಾನು.

ಅವರು ಮಗನನ್ನು ಹೊಡೆಯಲಿಲ್ಲ, ಹೊರಗೆ ಹಾಕಲಿಲ್ಲ. ಆ ಮಟ್ಟಿಗೆ ಸಂಘದ ಕಥೆ ಸರಿ. ಮಾತು ಬಿಟ್ಟರು. ಊಟಕ್ಕೆ ಕೂತರೆ ಉಪ್ಪನ್ನು ಕೂಡ ಹೆಂಡತಿಯ ಮೂಲಕ ಕೇಳುತ್ತಿದ್ದರಂತೆ. ಒಂದು ಮಧ್ಯಾಹ್ನ ಶಾಂತಾ ಆಂಟಿ ನಮ್ಮ ಅಡುಗೆಮನೆಗೆ ಬಂದು ಅಮ್ಮನ ಎದುರು ಕೂತರು. ನಾನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ.

“ಜಿಪಿ ಡಾಕ್ಟರ್ ಕಡೆ ಕರಕೊಂಡ ಹೋಗಿದ್ದೆ ಅಕ್ಕಾ. ಇದು ರೋಗ ಅಲ್ರೀ ಅಂದ. ರೋಗ ಅಲ್ಲಂದ್ರ ಏನ್ರೀ ಅಂತ ಕೇಳಿದೆ. ನಿಮ್ಮ ಮಗನ ಜೋಡಿ ಮಾತಾಡ್ರೀ ಅಂದ. ಏನಂತ ಮಾತಾಡ್ಲಿ? ನನಗ ಮಾತs ಬರವಲ್ವು.”

ಅಮ್ಮ ಚಹಾ ಮುಂದಿಟ್ಟಳು. “ನಿಮ್ಮ ವೀಣಾಗರ ಮೊದಲs ಗೊತ್ತಿತ್ತೇನು?” ಎಂದರು ಆಂಟಿ. “ಆಕೀಗೆ ಹೆಂಗ ಗೊತ್ತಿರತೈತಿ ಬಿಡು. ಗೊತ್ತಿದ್ರ ಹಂಗ ಕೇಳ್ತಿದ್ಲೇನು?” ಎಂದಳು ಅಮ್ಮ. ನಾನು ಸದ್ದಾಗದಂತೆ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಹೋದೆ.

ಆ ವಾರವೇ ಗುರುರಾಜ್ ಅಂಕಲ್ ಪತ್ರದ ಕರಡು ಕಳಿಸಿದ್ದರು. ಸಂಘದ ಪರವಾಗಿ ಸೇರಿಸಿದ ಪ್ಯಾರಾದಲ್ಲಿ ನನ್ನ ಭಾಷಣದ ಮಾತುಗಳೇ ಇದ್ದವು: ಒಂದು ಮೊಕದ್ದಮೆಯೂ ಇಲ್ಲ, ಹಾಗಾದರೆ ಗಾಯ ಎಲ್ಲಿ. ಇಂಗ್ಲಿಷ್ ನೋಡಿಕೊಡಮ್ಮ ಎಂದು ಚೀಟಿ ಅಂಟಿಸಿದ್ದರು. ನಾನು ಎರಡು ಕಾಗುಣಿತ ತಿದ್ದಿ, ಒಂದು ಅಲ್ಪವಿರಾಮ ಸೇರಿಸಿ ವಾಪಸು ಕಳಿಸಿದೆ. ಜುಲೈನಲ್ಲಿ ಮೇಲ್ಮನೆ ಮತ್ತೊಮ್ಮೆ ಕಾನೂನನ್ನು ಉಳಿಸಿಕೊಂಡಿತು. ನಮ್ಮ ಪತ್ರವನ್ನು ಅಲ್ಲಿ ಯಾರೂ ಓದಿರಲಾರರು ಎಂದು ವಾದಿಸಬಹುದು. ನಾನು ಕಳಿಸಿದಾಗ ಓದಲಿ ಎಂದೇ ಕಳಿಸಿದ್ದು.

ಅಷ್ಟರಲ್ಲಿ ಕಿರಣ ಶಾಲೆ ಬಿಟ್ಟಿದ್ದ. ಲಾಕರ್ ಮೇಲಿನ ಬರಹ ಹೆಚ್ಚಾಗಿತ್ತು. ಸಂಘದ ಸುದ್ದಿ ಶಾಲೆಗೆ ತಲುಪಲು ಒಂದು ದಿನ ಸಾಕಾಗಿತ್ತು. ಮಿಸೆಸ್ ಹೋಲ್ಟ್ ಡಿಬೇಟ್ ತರಗತಿಗೆ ಬರುವುದನ್ನು ನಿಲ್ಲಿಸಿದರು. ಬಸ್ಸಿನಲ್ಲಿ ಅವನು ಕೆಳಗೇ ನಿಲ್ಲುತ್ತಿದ್ದ, ನಾನು ಮಹಡಿ ಹತ್ತುತ್ತಿದ್ದೆ. ಪರೀಕ್ಷೆ ಮುಗಿಯುವ ಮೊದಲೇ, ನಗರದ ಇನ್ನೊಂದು ತುದಿಯ ಸ್ಟ್ರಾಟ್‌ಫರ್ಡ್ ಕಡೆ ಪರಿಚಯದವರ ಮನೆಯಲ್ಲಿ ಒಂದು ಕೋಣೆ ಹಿಡಿದು ಹೋದ. ಬೆಳಗಿನ ಹನ್ನೊಂದು ಗಂಟೆಗೆ, ಎರಡು ಚೀಲ ಹಿಡಿದು, ಟ್ಯೂಬ್ ರೈಲಿನ ಸ್ಟೇಷನ್ ಕಡೆ ನಡೆದು ಹೋಗುವುದನ್ನು ಪರದೆಯ ಹಿಂದಿನಿಂದ ನೋಡಿದೆ. ಕಾರಿನಲ್ಲಿ ಬಿಡಲು ಯಾರೂ ಬಂದಿರಲಿಲ್ಲ. ‘ಸ್ವತಂತ್ರವಾಗಿರ್ತೀನಿ ಅಂತ ಹೊರಟ’ ಎಂಬುದರ ಅರ್ಥ ಅದು.

ಇಷ್ಟು ಹೊತ್ತು ನಾನು ಒಂದು ಸಂಗತಿಯ ಸುತ್ತ ತಿರುಗುತ್ತಿದ್ದೇನೆ. ಚರ್ಚೆಯ ಅಭ್ಯಾಸವಿರುವವರು ಹಾಗೆ ಮಾಡುತ್ತಾರೆ. ದುರ್ಬಲವಾದ ಅಂಶವನ್ನು ನಡುವೆ ಎಲ್ಲೋ ಹುದುಗಿಸುತ್ತಾರೆ. ಬಹಳ ಕಾಲ ನನಗೆ ನಾನೇ ಹೇಳಿಕೊಂಡದ್ದು, ಆ ಪ್ರಶ್ನೆ ವೇದಿಕೆಯ ಮೇಲೆ, ಮಾತಿನ ಭರದಲ್ಲಿ, ಅಭ್ಯಾಸಬಲದಿಂದ ಬಂತು ಎಂದು. ಹಾಗಲ್ಲ. ಅವನು ಹೇಳಿದ್ದು ಬುಧವಾರ. ಗುರುವಾರ ಶಾಲೆಯ ಲೈಬ್ರರಿಯಲ್ಲಿ ಕೂತು ನಾನು ಆ ಪ್ರಶ್ನೆಯನ್ನು ಕಾರ್ಡಿನ ಮೇಲೆ ಬರೆದೆ. ‘ಒಂದು ಹೆಸರು ಹೇಳಿ’ ಎಂಬುದರ ಕೆಳಗೆ ಎರಡು ಗೆರೆ ಎಳೆದೆ. ಪಕ್ಕದಲ್ಲಿ ಸಣ್ಣದಾಗಿ ‘ಉತ್ತರ ಬರುವುದಿಲ್ಲ’ ಎಂದು ಬರೆದೆ. ಅವನ ಬಳಿ ಉತ್ತರ ಇದೆ, ಆದರೆ ಅದನ್ನು ಅವನು ಹೇಳಲಾರ ಎಂದು ಗೊತ್ತಿದ್ದ ಒಬ್ಬಳೇ ಎದುರಾಳಿ ನಾನು. ಶನಿವಾರ ಅವನ ಭಾಷಣದಿಂದ ಆ ಸಾಲನ್ನು ತೆಗೆಸಿದ್ದು, ಭಾನುವಾರದ ನನ್ನ ಪ್ರಶ್ನೆಗೆ ಜಾಗ ಮಾಡಿಕೊಳ್ಳಲು. ಅವನು ಹೇಳಿಬಿಡಬಹುದು ಎಂಬುದನ್ನು ಮಾತ್ರ ನಾನು ಲೆಕ್ಕ ಹಾಕಿರಲಿಲ್ಲ.

ಎರಡು ಸಾವಿರದ ಮೂರರ ಚಳಿಗಾಲದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಆ ಕಾನೂನು ಹೋಯಿತು. ನಾನಾಗ ಕಾನೂನು ಓದುತ್ತಿದ್ದೆ. ಶಾಂತಾ ಆಂಟಿಯಿಂದ ಕಿರಣನ ನಂಬರ್ ತೆಗೆದುಕೊಂಡು ಫೋನ್ ಮಾಡಿದೆ. ಆಂಟಿ ಎರಡು ವರ್ಷದಿಂದ ತಿಂಗಳಿಗೊಮ್ಮೆ, ಗಂಡನಿಗೆ ಹೇಳದೆ, ರೊಟ್ಟಿ ಕಟ್ಟಿಕೊಂಡು ಸ್ಟ್ರಾಟ್‌ಫರ್ಡ್‌ಗೆ ಹೋಗಿ ಬರುತ್ತಿದ್ದರು. ಸ್ಟೇಷನ್ ಎದುರಿನ ಒಂದು ಕೆಫೆಯಲ್ಲಿ ಕಿರಣ ಸಿಕ್ಕ. ಒಂದು ವರ್ಷ ತಡವಾಗಿ ಪರೀಕ್ಷೆ ಮುಗಿಸಿ, ಹಗಲು ಲೈಬ್ರರಿಯಲ್ಲಿ ಕೆಲಸ ಮಾಡುತ್ತಾ, ಸಂಜೆ ಕಾಲೇಜಿಗೆ ಹೋಗುತ್ತಿದ್ದ. ತೆಳ್ಳಗಾಗಿದ್ದ. ನಗು ಹಾಗೇ ಇತ್ತು.

“ಬಾ ಬಾ ಲಾಯರಮ್ಮಾ. ಕಾನೂನು ಹೋತಂತಲ್ಲ.”

“ಹ್ಞೂ, ಹೋತು.”

“ಅಂದ್ರ ಮಿಸೆಸ್ ಹೋಲ್ಟ್ ಈಗ ಬಾಗಿಲ ಮುಚ್ಚಿ ಮಾತಾಡಬಹುದು.”

“ಆಕಿ ಮೊದಲೂ ಮಾತಾಡಬಹುದಿತ್ತು. ಕಾನೂನಿನ್ಯಾಗ…”

ಅವನು ಜೋರಾಗಿ ನಕ್ಕ. ಪಕ್ಕದ ಮೇಜಿನವರು ತಿರುಗಿ ನೋಡಿದರು. ನಾನು ಅಲ್ಲಿಗೇ ನಿಲ್ಲಿಸಿದೆ. ಕ್ಷಮೆ ಕೇಳಲು ಬಂದವಳು ನಾನು. ಟ್ಯೂಬಿನಲ್ಲಿ ಬರುವಾಗ ಅದನ್ನೂ ಮೂರು ಅಂಶಗಳಾಗಿ ಜೋಡಿಸಿಕೊಂಡು ಬಂದಿದ್ದೆ. ಮೊದಲನೆಯ ಅಂಶಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವನು ಕಪ್ಪಿನೊಳಗೆ ನೋಡುತ್ತಾ ಹೇಳಿದ:

“ಅವ್ವ ಆವಾಗs ಕೇಳಿದ್ಲು. ವೀಣಾಗ ಗೊತ್ತಿತ್ತೇನೋ, ಗೊತ್ತಿದ್ದೂ ಕೇಳಿದ್ಲೇನು ಅಂತ. ಅಪ್ಪನೂ ಬಾಗಲದಾಗ ನಿಂತಿದ್ದ. ಆಕೀಗೇನೂ ಗೊತ್ತಿರಲಿಲ್ಲ ಅಂದೆ.”

ಆಮೇಲೆ ಅವನು ಲೈಬ್ರರಿಯ ಬಗ್ಗೆ, ತನ್ನ ಗೆಳೆಯನ ಬಗ್ಗೆ, ಅವನು ಸಾರಿಗೆ ಹುಣಸೆಹಣ್ಣಿನ ಬದಲು ನಿಂಬೆಹಣ್ಣು ಹಿಂಡುವುದರ ಬಗ್ಗೆ ಹೇಳಿದ. ನಾನು ನಗಬೇಕಾದಲ್ಲಿ ನಕ್ಕೆ. ಕಾಲೇಜಿಗೆ ಹೊತ್ತಾಯಿತೆಂದು ಎದ್ದು, ಮಫ್ಲರ್ ಸುತ್ತಿಕೊಂಡು ಹೋದ. ನನ್ನ ಮೂರು ಅಂಶಗಳು ನನ್ನಲ್ಲೇ ಉಳಿದವು.

ಅಂದಿನಿಂದ ನಾವು ಹಬ್ಬಕ್ಕೊಂದು ಮೆಸೇಜು ಕಳಿಸುತ್ತೇವೆ, ಅಷ್ಟೆ. ಸಂಘದವರು ಅವನ ಧೈರ್ಯದ ಕಥೆ ಹೇಳುತ್ತಾರೆ. ಶಾಂತಾ ಆಂಟಿ ಈಗಲೂ ನಮ್ಮ ಮನೆಗೆ ಬಂದರೆ, ಏನೂ ಗೊತ್ತಿಲ್ಲದೆ ಒಂದು ಪ್ರಶ್ನೆ ಕೇಳಿಬಿಟ್ಟ ಪಾಪದ ಹುಡುಗಿ ಎಂದು ನನ್ನ ತಲೆ ಸವರುತ್ತಾರೆ. ಅವರ ಕೈ ತಲೆಯ ಮೇಲಿರುವಷ್ಟು ಹೊತ್ತೂ ನಾನು ಸುಮ್ಮನೆ ನಿಲ್ಲುತ್ತೇನೆ. ಸತ್ಯ ಹೇಳಿದರೆ, ಕಿರಣ, ನಿನ್ನನ್ನು ಸುಳ್ಳುಗಾರ ಮಾಡಿದಂತಾಗುತ್ತದೆ ಎಂದು ನನಗೊಂದು ವಾದ ಸಿಕ್ಕಿದೆ; ಒಳ್ಳೆಯ ವಾದ, ಅದರ ಹಿಂದೆ ಎಷ್ಟು ವರ್ಷ ಬೇಕಾದರೂ ನಿಲ್ಲಬಹುದು. ಈ ಬರಹದೊಂದಿಗೆ ಅದರಿಂದ ಹೊರಗೆ ಬರುತ್ತಿದ್ದೇನೆ. ಆದ್ದರಿಂದ ಇದು ಸವಾಲಲ್ಲ. ಇದಕ್ಕೆ ಏನು ಉತ್ತರ ಬರುತ್ತದೆಂದು ನನಗೆ ನಿಜವಾಗಿಯೂ ಗೊತ್ತಿಲ್ಲ. ಅಪ್ಪ ಬಾಗಿಲಲ್ಲಿ ನಿಂತಿದ್ದಾಗ, ಅವ್ವ ಕೇಳುತ್ತಿದ್ದಾಗ, ನಿನಗೆ ನಿನ್ನವರೆಂದು ಒಬ್ಬರೂ ಉಳಿದಿರದ ಆ ಹೊತ್ತಿನಲ್ಲಿ, ಮನೆಯವರಿಗಿಂತ ಮೊದಲು ನನಗೇ ಹೇಳಿದ್ದೆ ಎಂಬುದನ್ನು ನೀನು ಯಾಕೆ ಮುಚ್ಚಿಟ್ಟೆ?